ಪುದುಚೇರಿಗೆ ರಾಜ್ಯ ಸ್ಥಾನ ಸಿಕ್ಕಿದರೆ ಮಾಹೆಗೇನು, ಕಾಸರಗೋಡಿಗೇನು?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ಮಗಳು ಪುದುಚೇರಿಗೆ ಸೇರಿದ ಮಾಹೆಯಲ್ಲಿ ದಂತ ವೈದ್ಯಕೀಯ ಓದುತ್ತಿದ್ದಾಳೆ. ಹಾಗಾಗಿ ಆ ಕಡೆ ಹೋಗಿಬರುವುದು ಇದ್ದೇ ಇದೆ. ಪೂರ್ಣ ರಾಜ್ಯ ಬೇಕು ಎಂದು ಪುದುಚೇರಿ ವಿಧಾನಸಭೆ ಮತ್ತೆ ಮತ್ತೆ ನಿರ್ಣಯ ಮಾಡುತ್ತದೆ ಅಂತ ಓದಿದೆ. ಅಲ್ಲಿ ಈಗಾಗಲೇ ಮುಖ್ಯಮಂತ್ರಿ ಇದ್ದಾರೆ, ಶಾಸಕರಿದ್ದಾರೆ. ಇನ್ನೇನು ಬೇಕು? ರಾಜ್ಯವಾದರೆ ಕೇರಳದ ನಡುವೆ ಇರುವ ಮಾಹೆ ಏನಾಗುತ್ತದೆ? ಅಲ್ಲಿನ ಪೆಟ್ರೋಲ್ ರೇಟು ಏರುತ್ತದಾ? ಮಗಳ ಡಿಗ್ರಿಗೆ ತೊಂದರೆ ಉಂಟಾ? ಇನ್ನೊಂದು ವಿಷಯ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡನ್ನು ಕೇರಳಕ್ಕೂ ಕೊಡದೆ ಮೈಸೂರಿಗೂ ಕೊಡದೆ ಕೇಂದ್ರಾಡಳಿತ ಮಾಡಿದ್ದರೆ ಇಷ್ಟೊತ್ತಿಗೆ ನಮ್ಮದೇ ಒಂದು ರಾಜ್ಯ ಆಗಿರುತ್ತಿತ್ತು ಅಂತ ನಮ್ಮ ಮಾವ ಹೇಳುತ್ತಾರೆ. ಇದರಲ್ಲಿ ಹುರುಳಿದೆಯೇ?

ಉತ್ತರ: ಮುಖ್ಯಮಂತ್ರಿ ಇದ್ದಾರೆ, ಮಂತ್ರಿಗಳಿದ್ದಾರೆ, ಶಾಸಕರೂ ಇದ್ದಾರೆ. ಆದರೆ ಜಗಳ ಬಂದ ಫೈಲಿಗೆ ಕೊನೆಯ ಸಹಿ ಅವರದ್ದಲ್ಲ. ಕೇಂದ್ರಾಡಳಿತ ಪ್ರದೇಶವಾದ ಪುದುಚೇರಿಯ ಬೇಡಿಕೆಯ ಬುಡ ಇದು. ಇದನ್ನು ಕಾನೂನಿನಿಂದ ಶುರುಮಾಡಿದರೆ ನಿದ್ದೆ ಬರುತ್ತದೆ. ಅಕ್ಕಿಯಿಂದ ಶುರುಮಾಡೋಣ.

ನಮ್ಮ ಊರಲ್ಲಿ ರೇಷನ್ ಅಂಗಡಿ ಅಂದರೆ ಏನೆಂದು ವಿವರಿಸಬೇಕಾಗಿಲ್ಲ. ಕಾರ್ಡು ಹಳದಿಯದ್ದಾ, ಗುಲಾಬಿಯದ್ದಾ, ನೀಲಿಯದ್ದಾ, ಬಿಳಿಯದ್ದಾ ಎನ್ನುವುದರ ಮೇಲೆ ಎಷ್ಟೋ ಮನೆಗಳ ಲೆಕ್ಕಾಚಾರ ನಿಂತಿದೆ. ಪುದುಚೇರಿಯಲ್ಲಿ 2015ರ ಸೆಪ್ಟೆಂಬರ್‌ನಿಂದ ಆಹಾರ ಭದ್ರತೆ ಕಾಯ್ದೆಯ ಅಕ್ಕಿಯ ಬದಲು ಬ್ಯಾಂಕ್ ಖಾತೆಗೆ ದುಡ್ಡು ಬರತೊಡಗಿತು. ಇದರ ಜೊತೆಗೆ ಅಲ್ಲಿನ ಸರಕಾರದ್ದೇ ಒಂದು ಉಚಿತ ಅಕ್ಕಿ ಯೋಜನೆಯೂ ಇತ್ತು. 2016ರಲ್ಲಿ ಕಾಂಗ್ರೆಸ್ಸಿನ ವಿ. ನಾರಾಯಣಸಾಮಿ ಮುಖ್ಯಮಂತ್ರಿಯಾದರು. ಅದೇ ವರ್ಷ ಕಿರಣ್ ಬೇಡಿ ಲೆಫ್ಟಿನೆಂಟ್ ಗವರ್ನರ್ ಆಗಿ, ಅಂದರೆ ಕೇಂದ್ರದ ಪ್ರತಿನಿಧಿಯಾಗಿ ಬಂದರು. ಅಲ್ಲಿಂದ ಎತ್ತು ಏರಿಗೆ, ಕೋಣ ನೀರಿಗೆ. ಅಕ್ಕಿಯನ್ನೇ ಕೊಡೋಣ ಅಂತ ಸಂಪುಟ ತೀರ್ಮಾನಿಸಿತು. ಬೇಡ, ಖಾತೆಗೆ ದುಡ್ಡು ಹಾಕಿ ಅಂತ ಬೇಡಿಯವರು ಹೇಳಿದರು. ಫೈಲು ದೆಹಲಿಗೆ ಹೋಯಿತು. ಕೇಂದ್ರ ಬೇಡಿಯವರ ಪರ ನಿಂತಿತು. ಮುಖ್ಯಮಂತ್ರಿ ಮದ್ರಾಸ್ ಹೈಕೋರ್ಟಿಗೆ ಹೋದರು. 2020ರಲ್ಲಿ ಅಲ್ಲೂ ಸೋತರು. ರೇಷನ್ ಅಂಗಡಿಗಳು ವರ್ಷಗಟ್ಟಲೆ ಬಾಗಿಲು ಹಾಕಿಕೊಂಡೇ ಇದ್ದವು. ಎನ್. ರಂಗಸಾಮಿಯವರ ಸರಕಾರ ಬಂದ ಮೇಲೆ, 2024ರ ದೀಪಾವಳಿ ಹೊತ್ತಿಗೆ ಮತ್ತೆ ತೆರೆದವು.

ಅಕ್ಕಿ ಸರಿಯೋ ದುಡ್ಡು ಸರಿಯೋ, ಅದು ಬೇರೆ ಚರ್ಚೆ. ಖಾತೆಗೆ ಹಾಕಿದರೆ ಸೋರಿಕೆ ಕಡಿಮೆ ಎನ್ನುವ ಮಾತಿನಲ್ಲೂ ನ್ಯಾಯ ಉಂಟು. ಆದರೆ ಇಲ್ಲಿ ನೋಡಬೇಕಾದದ್ದು, ತೀರ್ಮಾನ ಯಾರದ್ದು ಎಂಬುದನ್ನು. ತಿರುವನಂತಪುರದಲ್ಲೂ ರಾಜ್ಯಪಾಲರಿಗೂ ಸರಕಾರಕ್ಕೂ ಜಟಾಪಟಿ ನಡೆದದ್ದನ್ನು ನಾವು ನೋಡಿದ್ದೇವೆ. ಮಸೂದೆಗೆ ಸಹಿ ಹಾಕದೆ ಇಟ್ಟುಕೊಂಡದ್ದು, ವಿಶ್ವವಿದ್ಯಾಲಯದ ಕುಲಪತಿ ಯಾರು ಎಂದು ಹಟ ಹಿಡಿದದ್ದು, ಎಲ್ಲ ಆಗಿದೆ. ಆದರೆ ರೇಷನ್‌ನಲ್ಲಿ ಅಕ್ಕಿ ಬೇಡ, ದುಡ್ಡು ಕೊಡಿ ಎಂದು ಕೇರಳದ ರಾಜ್ಯಪಾಲರು ಸಂಪುಟದ ತೀರ್ಮಾನವನ್ನು ಬದಲಿಸಲಾರರು. ಪುದುಚೇರಿಯಲ್ಲಿ ಅದು ಸಾಧ್ಯ. 1963ರ ಕೇಂದ್ರಾಡಳಿತ ಪ್ರದೇಶಗಳ ಸರಕಾರ ಕಾಯ್ದೆಯ ಪ್ರಕಾರ, ಸಂಪುಟಕ್ಕೂ ಲೆಫ್ಟಿನೆಂಟ್ ಗವರ್ನರ್‌ಗೂ ಭಿನ್ನಾಭಿಪ್ರಾಯ ಬಂದರೆ ವಿಷಯ ರಾಷ್ಟ್ರಪತಿಗೆ ಹೋಗುತ್ತದೆ. ರಾಷ್ಟ್ರಪತಿ ಎಂದರೆ ಕೇಂದ್ರ ಸರಕಾರ ಅಂತಲೇ ಅರ್ಥ. ಅಲ್ಲಿಂದ ಉತ್ತರ ಬರುವ ತನಕ, ತುರ್ತು ಅನ್ನಿಸಿದರೆ, ಲೆಫ್ಟಿನೆಂಟ್ ಗವರ್ನರ್ ತಾವೇ ಆದೇಶ ಕೊಡಬಹುದು. ಬಜೆಟ್ ಮಂಡಿಸುವುದಕ್ಕೂ ಮೊದಲು ದೆಹಲಿಯ ಒಪ್ಪಿಗೆ ಬೇಕು. ಆ ಒಪ್ಪಿಗೆ ತಡವಾಗಿ, ಮಾರ್ಚ್‌ನಲ್ಲಿ ಲೇಖಾನುದಾನಕ್ಕೆ (ಕೆಲವು ತಿಂಗಳ ಖರ್ಚಿಗಷ್ಟೇ ಸಿಗುವ ಒಪ್ಪಿಗೆಗೆ) ತೃಪ್ತಿಪಟ್ಟುಕೊಂಡು ಪೂರ್ತಿ ಬಜೆಟ್ಟನ್ನು ಮಳೆಗಾಲದಲ್ಲಿ ಮಂಡಿಸಿದ ವರ್ಷಗಳೂ ಉಂಟು.

2019ರ ಫೆಬ್ರವರಿಯಲ್ಲಂತೂ ಹೆಲ್ಮೆಟ್ ವಿಷಯಕ್ಕೇ ಕಿಚ್ಚು ಹತ್ತಿತು. ಬೇಡಿಯವರು ಹೆಲ್ಮೆಟ್ ಕಡ್ಡಾಯ ಎಂದು ಸ್ವತಃ ರಸ್ತೆಗಿಳಿದು ಬೈಕ್ ನಿಲ್ಲಿಸಿದರು. ಜನರಿಗೆ ಸ್ವಲ್ಪ ಸಮಯ ಕೊಡಿ ಎಂದ ಮುಖ್ಯಮಂತ್ರಿ, ಕಪ್ಪು ಅಂಗಿ ಹಾಕಿಕೊಂಡು ರಾಜನಿವಾಸದ ಎದುರು ರಸ್ತೆಯಲ್ಲೇ ಧರಣಿ ಕೂತರು. ಅಕ್ಕಿಯ ಫೈಲಿನ ಸಿಟ್ಟೂ ಅದರಲ್ಲಿ ಸೇರಿತ್ತು. ರಾತ್ರಿಯೂ ಅಲ್ಲೇ ಮಲಗಿದರು. ಒಂದು ಸರಕಾರದ ಮುಖ್ಯಸ್ಥ ತನ್ನದೇ ಸರಕಾರದ ಇನ್ನೊಬ್ಬ ಮುಖ್ಯಸ್ಥರ ಮನೆ ಮುಂದೆ ಚಾಪೆ ಹಾಸುವುದು! ಅದೇ ವರ್ಷ ಏಪ್ರಿಲ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ, ದಿನನಿತ್ಯದ ಆಡಳಿತದಲ್ಲಿ ಲೆಫ್ಟಿನೆಂಟ್ ಗವರ್ನರ್ ಕೈಹಾಕುವಂತಿಲ್ಲ ಅಂದಿತು. 2020ರ ಮಾರ್ಚ್‌ನಲ್ಲಿ ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು. ಅಲ್ಲಿಗೆ ಮತ್ತೆ ಮೊದಲಿದ್ದ ಜಾಗಕ್ಕೇ ಬಂತು.

ಇನ್ನೊಂದು ಸಂಗತಿ ನಿಮಗೆ ವಿಚಿತ್ರ ಅನ್ನಿಸಬಹುದು. ಪುದುಚೇರಿ ವಿಧಾನಸಭೆಗೆ ಜನ ಆರಿಸುವುದು 30 ಮಂದಿಯನ್ನು. ಅದರ ಮೇಲೆ ಮೂವರನ್ನು ಕೇಂದ್ರ ಸರಕಾರ ನೇಮಿಸಬಹುದು. 2017ರಲ್ಲಿ ಕೇಂದ್ರ ಮೂವರು ಬಿಜೆಪಿಯವರನ್ನು ನೇಮಿಸಿತು. ಅಲ್ಲಿನ ಸರಕಾರವನ್ನು ಕೇಳಲಿಲ್ಲ. ಕೇಳಬೇಕಾಗಿಲ್ಲ ಎಂದು 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಇವರಿಗೆ ಓಟು ಹಾಕುವ ಹಕ್ಕೂ ಉಂಟು. ಶಾಸಕರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟು ನಾರಾಯಣಸಾಮಿ ಸರಕಾರದ ಬಲ ಕುಸಿದಾಗ ಈ ಮೂರು ಓಟಿನ ಲೆಕ್ಕ ದೊಡ್ಡದಾಯಿತು. 2021ರ ಫೆಬ್ರವರಿಯಲ್ಲಿ ಸರಕಾರ ಬಿತ್ತು. 30 ಜನರ ಸಭೆಯಲ್ಲಿ ಮೂರು ಎಂದರೆ ಸಣ್ಣ ಸಂಖ್ಯೆ ಅಲ್ಲವಲ್ಲ. ಕೇರಳದ 140ರ ಲೆಕ್ಕದಲ್ಲಿ ಅದು 14 ಶಾಸಕರಿಗೆ ಸಮ.

ಇವೆಲ್ಲ ರಾಜಕಾರಣಿಗಳ ತಲೆನೋವು ಎಂದು ಬಿಟ್ಟುಬಿಡೋಣ. ಸಾಮಾನ್ಯರಿಗೆ ಏನು? ಒಂದು, ಕೆಲಸ. ನಮ್ಮಲ್ಲಿ ಪಿಎಸ್‌ಸಿ (ಲೋಕಸೇವಾ ಆಯೋಗ) ಕೋಚಿಂಗ್ ಬೋರ್ಡು ಇಲ್ಲದ ಪೇಟೆ ಸಿಗುವುದು ಕಷ್ಟ. ಪುದುಚೇರಿಗೆ ಸ್ವಂತ ಪಿಎಸ್‌ಸಿಯೇ ಇಲ್ಲ. ಮೇಲ್ದರ್ಜೆಯ ಹುದ್ದೆಗಳು ಯುಪಿಎಸ್‌ಸಿ ಮೂಲಕ ತುಂಬಬೇಕು. ಐಎಎಸ್, ಐಪಿಎಸ್ ಅಧಿಕಾರಿಗಳು ಅರುಣಾಚಲ, ಗೋವಾ, ಮಿಜೋರಾಂ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆಲ್ಲ ಸೇರಿ ಇರುವ ಒಂದೇ ಕೇಡರಿನಿಂದ ಬರುತ್ತಾರೆ. ಅವರನ್ನು ಕಳಿಸುವುದೂ ವಾಪಸ್ ಕರೆಸಿಕೊಳ್ಳುವುದೂ ಗೃಹ ಸಚಿವಾಲಯ. ಮುಖ್ಯ ಕಾರ್ಯದರ್ಶಿ ಯಾರ ಮುಖ ನೋಡಿ ಕೆಲಸ ಮಾಡುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. 2021ರಲ್ಲಿ ಮುಖ್ಯಮಂತ್ರಿಯಾದ ರಂಗಸಾಮಿ ಬಿಜೆಪಿಯ ಜೊತೆಗೇ ಅಧಿಕಾರಕ್ಕೆ ಬಂದವರು. ಅವರೂ ಅಧಿಕಾರಿಗಳು ಮಾತು ಕೇಳುವುದಿಲ್ಲ, ಫೈಲು ಮುಂದೆ ಹೋಗುವುದಿಲ್ಲ ಎಂದು ಬಹಿರಂಗವಾಗಿ ದೂರಿದ್ದಾರೆ. ಹಾಗಾಗಿ ಇದು ಬೇಡಿ ಮತ್ತು ನಾರಾಯಣಸಾಮಿ ಎಂಬ ಇಬ್ಬರ ಸ್ವಭಾವದ ಜಗಳ ಮಾತ್ರ ಆಗಿರಲಿಲ್ಲ.

ಇನ್ನೊಂದು, ಹಣ. ಕೇಂದ್ರ ಸಂಗ್ರಹಿಸುವ ತೆರಿಗೆಯಲ್ಲಿ ಹಂಚಬೇಕಾದ ಮೊತ್ತದ 41 ಶೇಕಡಾ ರಾಜ್ಯಗಳಿಗೆ ಹೋಗಬೇಕು ಎಂದು 15ನೇ ಹಣಕಾಸು ಆಯೋಗ ಹೇಳಿತ್ತು. ಈ ಪಂಕ್ತಿಯಲ್ಲಿ ಪುದುಚೇರಿಗೆ ಎಲೆ ಇಲ್ಲ. ಅದು ರಾಜ್ಯ ಅಲ್ಲವಲ್ಲ. ಅದಕ್ಕೆ ಸಿಗುವುದು ಕೇಂದ್ರದ ಅನುದಾನ. 2024-25ರ ಅದರ ಬಜೆಟ್ 12,700 ಕೋಟಿ ರೂಪಾಯಿ. ಅದರಲ್ಲಿ ಸುಮಾರು ಕಾಲು ಭಾಗ ಕೇಂದ್ರದಿಂದ ಬರುವುದು. ತಮಾಷೆ ಏನೆಂದರೆ, ಜಿಎಸ್‌ಟಿಯ ವಿಷಯ ಬಂದಾಗ ಮಾತ್ರ ವಿಧಾನಸಭೆ ಇರುವ ಕೇಂದ್ರಾಡಳಿತ ಪ್ರದೇಶವನ್ನು ಸಂವಿಧಾನ ರಾಜ್ಯ ಎಂದೇ ಎಣಿಸುತ್ತದೆ. ತೆರಿಗೆ ಹಾಕುವಾಗ ರಾಜ್ಯ, ಪಾಲು ಕೇಳುವಾಗ ಅಲ್ಲ.

ಆದರೆ ಹಣದ ವಿಷಯದಲ್ಲಿ ಪುದುಚೇರಿಯವರು ಹೇಳುವಷ್ಟು ಲಾಭ ನನಗೆ ಕಾಣುವುದಿಲ್ಲ. ಹಣಕಾಸು ಆಯೋಗ ತಲಾ ಆದಾಯ ಕಡಿಮೆ ಇರುವ ರಾಜ್ಯಗಳಿಗೆ ಜಾಸ್ತಿ ಕೊಡುತ್ತದೆ. ಪುದುಚೇರಿಯ ತಲಾ ಆದಾಯ ಕಡಿಮೆ ಏನಲ್ಲ. ಅದೇ ಥರದ ಗೋವಾಕ್ಕೆ 15ನೇ ಆಯೋಗ ಕೊಟ್ಟ ಪಾಲು, ರಾಜ್ಯಗಳ ಒಟ್ಟು ಹಂಚಿಕೆಯಲ್ಲಿ 0.386 ಶೇಕಡಾ. ಪುದುಚೇರಿಗೆ ಅದಕ್ಕಿಂತ ಹೆಚ್ಚು ಸಿಗುವ ಲಕ್ಷಣ ಇಲ್ಲ. ಈಗ ಬರುವ ಅನುದಾನಕ್ಕೆ ಹೋಲಿಸಿದರೆ ಭಾರಿ ಏರಿಕೆ ಆಗಲಾರದು. ಮೇಲಿಂದ ಸಂಬಳ, ಪಿಂಚಣಿ, ಸಾಲ ಎಲ್ಲವನ್ನೂ ತಾನೇ ಹೊರಬೇಕು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಅನುದಾನವನ್ನು ವರ್ಷ ವರ್ಷ ಕೇಳಬೇಕು. ಪಾಲು ಹಾಗಲ್ಲ, ಬರಲೇಬೇಕು.

ಈಗ ಪುದುಚೇರಿಯವರ ನಿಜವಾದ ನೋವಿಗೆ ಬರುತ್ತೇನೆ. ಫ್ರೆಂಚರು 1954ರ ನವೆಂಬರ್ 1ರಂದು ಆಡಳಿತ ಬಿಟ್ಟುಕೊಟ್ಟರು. 1956ರಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. 1962ರ ಆಗಸ್ಟ್ 16ರಂದು ಕಾನೂನುಬದ್ಧವಾಗಿ ಭಾರತಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ 239ಎ ಎಂಬ ವಿಧಿ ಸೇರಿಸಿದರು. ಕೆಲವು ಕೇಂದ್ರಾಡಳಿತ ಪ್ರದೇಶಗಳಿಗೆ ವಿಧಾನಸಭೆ ಕೊಡಲು ಮಾಡಿದ ವಿಧಿ ಅದು. ಅದರಲ್ಲಿ ಆಗ ಇದ್ದ ಹೆಸರುಗಳು ಹಿಮಾಚಲ ಪ್ರದೇಶ, ಮಣಿಪುರ, ತ್ರಿಪುರಾ, ಗೋವಾ-ದಮನ್-ದಿಯು, ಮತ್ತೆ ಪುದುಚೇರಿ. ಹಿಮಾಚಲ 1971ರ ಜನವರಿ 25ರಂದು ರಾಜ್ಯವಾಯಿತು. ಶಿಮ್ಲಾದ ರಿಡ್ಜ್ ಮೈದಾನದಲ್ಲಿ ಹಿಮ ಬೀಳುತ್ತಿರುವಾಗಲೇ ಇಂದಿರಾ ಗಾಂಧಿ ಘೋಷಿಸಿದರು. ಮಣಿಪುರ, ತ್ರಿಪುರಾ 1972ರಲ್ಲಿ. ಗೋವಾ 1987ರಲ್ಲಿ. ಆಮೇಲೆ ಪಟ್ಟಿಗೆ ಸೇರಿದ ಮಿಜೋರಾಂ, ಅರುಣಾಚಲವೂ ಅದೇ 1987ರಲ್ಲಿ ರಾಜ್ಯಗಳಾದವು. ಈಗ ಆ ವಿಧಿಯನ್ನು ತೆರೆದು ನೋಡಿದರೆ ಉಳಿದಿರುವುದು ಪುದುಚೇರಿ ಒಂದೇ. ಒಟ್ಟಿಗೆ ಶಾಲೆಗೆ ಸೇರಿದವರೆಲ್ಲ ಪಾಸಾಗಿ ಹೋಗಿ, ಒಬ್ಬನೇ ಅದೇ ಬೆಂಚಿನಲ್ಲಿ ಕೂತ ಹಾಗೆ.

ಸಣ್ಣದು ಎಂಬ ಕಾರಣ ಹೇಳಿದರೆ ನಿಲ್ಲುವುದಿಲ್ಲ. 2011ರ ಜನಗಣತಿಯಲ್ಲಿ ಪುದುಚೇರಿಯ ಜನಸಂಖ್ಯೆ ಸುಮಾರು 12.48 ಲಕ್ಷ. ಮಿಜೋರಾಂನದ್ದು 11 ಲಕ್ಷಕ್ಕೂ ಸ್ವಲ್ಪ ಕಡಿಮೆ. ಸಿಕ್ಕಿಂನದ್ದು ಆರು ಲಕ್ಷದ ಆಸುಪಾಸು. ಹಾಗಾದರೆ ಅವಕ್ಕೆ ಯಾಕೆ ಸಿಕ್ಕಿತು, ಇದಕ್ಕೆ ಯಾಕೆ ಇಲ್ಲ? ನನ್ನ ಅಭಿಪ್ರಾಯ ಹೇಳುತ್ತೇನೆ. ಪ್ರತಿಯೊಂದು ಸಲವೂ ರಾಜ್ಯ ಕೊಡುವುದರಲ್ಲಿ ದೆಹಲಿಗೇ ಒಂದು ಗರಜು ಇತ್ತು. ಮಿಜೋರಾಂನಲ್ಲಿ ಇಪ್ಪತ್ತು ವರ್ಷದ ದಂಗೆ ನಿಲ್ಲಬೇಕಿತ್ತು. 1986ರ ಒಪ್ಪಂದದ ಭಾಗವಾಗಿ ರಾಜ್ಯ ಬಂತು. ಅರುಣಾಚಲದ ಆಚೆ ಚೀನಾ ಇದೆ. ಹಿಮಾಚಲಕ್ಕೆ 1966ರಲ್ಲಿ ಪಂಜಾಬಿನ ಗುಡ್ಡಗಾಡು ಸೇರಿ ಅದು ದೊಡ್ಡದಾಗಿತ್ತು. ಪುದುಚೇರಿಯಲ್ಲಿ ಗಡಿಯೂ ಇಲ್ಲ, ಬಂದೂಕೂ ಇಲ್ಲ. ಇರುವುದು ವಿಧಾನಸಭೆಯ ನಿರ್ಣಯ ಮಾತ್ರ. ಹತ್ತಕ್ಕಿಂತ ಜಾಸ್ತಿ ಸಲ ನಿರ್ಣಯ ಮಾಡಿ ಕಳಿಸಿದ್ದಾರೆ. 2023ರ ಮಾರ್ಚ್‌ನಲ್ಲೂ ಮಾಡಿದರು. ಈಗಿರುವ ವ್ಯವಸ್ಥೆಯೇ ಮುಂದುವರಿಯಲಿ ಎಂಬ ಧಾಟಿಯ ಉತ್ತರ ಬಂತು. ಕೇಂದ್ರದಲ್ಲಿರುವ ಪಕ್ಷವೇ ಅಲ್ಲಿನ ಸರಕಾರದಲ್ಲೂ ಇದ್ದಾಗ ಬಂದ ಉತ್ತರ ಇದು. ವಿರೋಧ ಪಕ್ಷದಲ್ಲಿದ್ದಾಗ ಎಲ್ಲರೂ ರಾಜ್ಯ ಬೇಕು ಅನ್ನುತ್ತಾರೆ. ದೆಹಲಿಯಲ್ಲಿ ಕೂತ ಮೇಲೆ, ಕೈಯಲ್ಲಿರುವ ಹಗ್ಗ ಬಿಡಲು ಯಾರಿಗೂ ಮನಸ್ಸಾಗುವುದಿಲ್ಲ. ಕಾಂಗ್ರೆಸ್ಸಿನ ಕಾಲದಲ್ಲೂ ಆಗಿರಲಿಲ್ಲ.

ಕಾನೂನಿನ ದಾರಿ ನಿಜಕ್ಕೂ ಸುಲಭ. ಸಂವಿಧಾನದ 3ನೇ ವಿಧಿಯಲ್ಲಿ ಸಂಸತ್ತು ಸಾಮಾನ್ಯ ಬಹುಮತದ ಕಾಯ್ದೆಯಿಂದ ಹೊಸ ರಾಜ್ಯ ಮಾಡಬಹುದು. ಒಂದು ರಾಜ್ಯದ ಗಡಿ ಮುಟ್ಟುವುದಾದರೆ ಆ ರಾಜ್ಯದ ವಿಧಾನಸಭೆಯ ಅಭಿಪ್ರಾಯ ಕೇಳಬೇಕು. ಕೇಳಿದರೆ ಸಾಕು, ಒಪ್ಪಬೇಕೆಂದಿಲ್ಲ. ಆಂಧ್ರ ವಿಧಾನಸಭೆ 2014ರ ಜನವರಿಯಲ್ಲಿ ವಿಭಜನೆಯ ಮಸೂದೆಯನ್ನು ತಿರಸ್ಕರಿಸಿತು. ಫೆಬ್ರವರಿಯಲ್ಲಿ ಸಂಸತ್ತು ಅದನ್ನು ಪಾಸು ಮಾಡಿತು. ಜೂನ್ 2ಕ್ಕೆ ತೆಲಂಗಾಣ ಹುಟ್ಟಿತು. ಕೇಂದ್ರಾಡಳಿತ ಪ್ರದೇಶಕ್ಕೆ ಈ ಕೇಳುವ ಮರ್ಯಾದೆಯೂ ಇಲ್ಲ. 3ನೇ ವಿಧಿಯ ಆ ಷರತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯಿಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ.

ಇಲ್ಲಿಂದ ಮಾಹೆಯ ಮಾತು. ಪುದುಚೇರಿ ಎಂದರೆ ನಾಲ್ಕು ತುಂಡು. ಪುದುಚೇರಿ ಮತ್ತು ಕಾರೈಕಾಲ್ ತಮಿಳುನಾಡಿನ ಮಗ್ಗುಲಲ್ಲಿ, ಯಾನಂ ಆಂಧ್ರದಲ್ಲಿ, ಮಾಹೆ ತಲಶ್ಶೇರಿಯ ಆಚೆ. ಮಾಹೆಯ ವಿಸ್ತೀರ್ಣ ಸುಮಾರು ಒಂಬತ್ತು ಚದರ ಕಿಲೋಮೀಟರ್, 2011ರಲ್ಲಿ ಜನ ಹತ್ತಿರಹತ್ತಿರ 42 ಸಾವಿರ. ಪುದುಚೇರಿ ರಾಜ್ಯವಾದರೆ ಮಾಹೆಯೂ ತಾನಾಗಿ ಅದರ ಹಿಂದೆ ಹೋಗುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ. ಹಾಗೇ ಆಗಬೇಕೆಂದಿಲ್ಲ. ಗೋವಾದ ಕಥೆ ನೋಡಿ.

ಗೋವಾ 1961ರ ಡಿಸೆಂಬರ್‌ನಲ್ಲಿ ಪೋರ್ಚುಗೀಸರ ಕೈಯಿಂದ ಬಿಡುಗಡೆಯಾಯಿತು. ಅಲ್ಲಿನ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ಅವರಿಗೆ ಗೋವಾ ಮಹಾರಾಷ್ಟ್ರದಲ್ಲಿ ವಿಲೀನ ಆಗಬೇಕಿತ್ತು. 1967ರ ಜನವರಿ 16ರಂದು ಜನಮತ ಕೇಳಿದರು. ಮಹಾರಾಷ್ಟ್ರಕ್ಕೆ ಸೇರಬೇಕೇ, ಕೇಂದ್ರಾಡಳಿತವಾಗಿಯೇ ಉಳಿಯಬೇಕೇ? ವಿಲೀನ ಬೇಡ ಅಂದವರು 34,021 ಓಟುಗಳಿಂದ ಗೆದ್ದರು. ಮಂಜೇಶ್ವರ, ಕುಂಬಳೆ ಕಡೆಯ ನಮ್ಮ ಕೊಂಕಣಿ ಮನೆಗಳಲ್ಲಿ ಇವತ್ತಿಗೂ ಈ ಮಾತು ಬಂದರೆ ಹೆಮ್ಮೆಪಡುವ ಹಿರಿಯರು ಸಿಗುತ್ತಾರೆ. ಆದರೆ ಗಮನಿಸಿ, ಆ ದಿನ ಮೂರನೇ ಆಯ್ಕೆ ಇರಲೇ ಇಲ್ಲ. ಪೂರ್ಣ ರಾಜ್ಯ ಎಂಬ ಆಯ್ಕೆ ಮತಪತ್ರದಲ್ಲಿ ಇರಲಿಲ್ಲ. ಅದಕ್ಕೆ ಇನ್ನೂ ಇಪ್ಪತ್ತು ವರ್ಷ ಕಾಯಬೇಕಾಯಿತು. ನಡುವೆ ಕೊಂಕಣಿ ಭಾಷೆಗಾಗಿ ದೊಡ್ಡ ಚಳವಳಿ ನಡೆಯಿತು. 1987ರ ಫೆಬ್ರವರಿಯಲ್ಲಿ ಕೊಂಕಣಿ ಆಡಳಿತ ಭಾಷೆಯಾಯಿತು. ಮೇ 30ಕ್ಕೆ ಗೋವಾ ರಾಜ್ಯವಾಯಿತು. ಆವತ್ತು ದಮನ್ ಮತ್ತು ದಿಯು ಏನಾದವು? ಅವು ಗೋವಾದ ಜೊತೆಗೆ ಹೋಗಲಿಲ್ಲ. ದೂರದ ತುಂಡುಗಳನ್ನು ಕತ್ತರಿಸಿ ಕೇಂದ್ರಾಡಳಿತವಾಗಿಯೇ ಉಳಿಸಿಕೊಂಡರು. ಒಂದೇ ವಿಧಾನಸಭೆಯಲ್ಲಿ ಕೂತವರು ರಾತ್ರೋರಾತ್ರಿ ವಿಧಾನಸಭೆಯೇ ಇಲ್ಲದವರಾದರು. 2020ರಲ್ಲಿ ಅವನ್ನು ದಾದ್ರಾ-ನಗರ ಹವೇಲಿಯ ಜೊತೆ ಸೇರಿಸಿದರು.

ಮಾಹೆಗೂ ಹಾಗೆ ಆಗಬಹುದು. ಅಥವಾ ಕೇರಳಕ್ಕೆ ಸೇರಿಸಬಹುದು. ಈ ಎರಡನೆಯದನ್ನು ಒಮ್ಮೆ ಯೋಚಿಸಿಯೂ ಆಗಿದೆ. ಮೊರಾರ್ಜಿ ದೇಸಾಯಿ ಪ್ರಧಾನಿಯಾಗಿದ್ದಾಗ ಪುದುಚೇರಿ, ಕಾರೈಕಾಲನ್ನು ತಮಿಳುನಾಡಿಗೆ, ಮಾಹೆಯನ್ನು ಕೇರಳಕ್ಕೆ, ಯಾನಂ ಅನ್ನು ಆಂಧ್ರಕ್ಕೆ ಸೇರಿಸುವ ಮಾತು ಬಂತು. 1979ರ ಜನವರಿಯಲ್ಲಿ ಪುದುಚೇರಿ ಹೊತ್ತಿ ಉರಿಯಿತು. ಪೊಲೀಸರ ಗುಂಡಿಗೆ ಜನ ಸತ್ತರು. ಆ ಮಾತನ್ನು ಅಲ್ಲಿಗೇ ಬಿಟ್ಟರು. 1956ರ ಫ್ರೆಂಚ್ ಒಪ್ಪಂದದಲ್ಲೂ, ಈ ಪ್ರದೇಶಗಳ ಸ್ಥಾನಮಾನ ಬದಲಿಸುವ ಮೊದಲು ಜನರ ಇಚ್ಛೆ ತಿಳಿದುಕೊಳ್ಳಬೇಕು ಎಂಬ ಮಾತು ಉಂಟು. ಹಾಗಾಗಿ ಮಾಹೆಯನ್ನು ಸುಮ್ನೆ ಎತ್ತಿ ಕೇರಳದ ಮಡಿಲಿಗೆ ಹಾಕುವ ಧೈರ್ಯ ಸದ್ಯಕ್ಕೆ ಯಾರೂ ಮಾಡಲಾರರು.

ಮಾಹೆಯವರಿಗೂ ಕೇರಳಕ್ಕೆ ಸೇರುವ ಆತುರ ಇದ್ದಂತೆ ಕಾಣುವುದಿಲ್ಲ. ಕಾರಣ ಅಲ್ಲಿ ಅಗ್ಗಕ್ಕೆ ಸಿಗುವ ಮದ್ಯ, ಪೆಟ್ರೋಲ್ ಮಾತ್ರ ಅಲ್ಲ. ಮಂಜೇಶ್ವರ ಕ್ಷೇತ್ರದಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಮತದಾರರಿದ್ದಾರೆ, ಒಬ್ಬರೇ ಶಾಸಕರು. ಮಾಹೆಯ 42 ಸಾವಿರ ಜನರಿಗೇ ಒಬ್ಬ ಶಾಸಕ. ಕೇರಳಕ್ಕೆ ಸೇರಿದರೆ ಅದು ಯಾವುದೋ ಕ್ಷೇತ್ರದ ಒಂದು ಮೂಲೆಯ ಮುನಿಸಿಪಾಲಿಟಿ ಆಗಿಬಿಡುತ್ತದೆ. ಈಗ ಅಲ್ಲಿ ರೀಜನಲ್ ಅಡ್ಮಿನಿಸ್ಟ್ರೇಟರ್ ಕೂತುಕೊಳ್ಳುತ್ತಾರೆ. ಸ್ವಂತ ಸರಕಾರಿ ಆಸ್ಪತ್ರೆ ಇದೆ. ಪುದುಚೇರಿಯ 1965ರ ಆಡಳಿತ ಭಾಷಾ ಕಾಯ್ದೆ ತಮಿಳನ್ನು ಆಡಳಿತ ಭಾಷೆ ಮಾಡಿದರೂ, ಮಾಹೆಗೆ ಮಲಯಾಳವನ್ನೂ ಯಾನಂಗೆ ತೆಲುಗನ್ನೂ ಕೊಟ್ಟಿದೆ. ಕೊರತೆ ಇಲ್ಲವೆಂದಲ್ಲ. ಹಿಂದೆಲ್ಲ ಮಾಹೆಯ ಸರಕಾರಿ ಶಾಲೆಗಳಲ್ಲಿ ಕೇರಳದ ಪಠ್ಯ ನಡೆಯುತ್ತಿತ್ತು. ಈಚೆಗೆ ಪುದುಚೇರಿ ಸರಕಾರ ತನ್ನ ಶಾಲೆಗಳಿಗೆಲ್ಲ ಸಿಬಿಎಸ್‌ಇ ಎಂದು ತೀರ್ಮಾನಿಸಿತು, ಮಾಹೆಗೂ ಅದೇ ಬಂತು. ಪುದುಚೇರಿ ನಾಳೆ ಪೂರ್ಣ ರಾಜ್ಯವಾದರೂ ಮಾಹೆಯ ಶಾಲೆಯ ಪಠ್ಯ ಕೋರಮಂಡಲ ಕರಾವಳಿಯಲ್ಲೇ ನಿರ್ಧಾರ ಆಗುತ್ತದೆ. ದೆಹಲಿಯ ಸಹಿ ತಪ್ಪುತ್ತದೆ, ಪುದುಚೇರಿಯ ಸಹಿ ತಪ್ಪುವುದಿಲ್ಲ.

ಪೆಟ್ರೋಲ್ ಬಗ್ಗೆ ಒಂದೇ ಮಾತು. ಪೆಟ್ರೋಲ್ ಮತ್ತು ಮದ್ಯ ಜಿಎಸ್‌ಟಿಯ ಹೊರಗೆ ಇವೆ. ಅವುಗಳ ತೆರಿಗೆಯನ್ನು ಪುದುಚೇರಿ ಸರಕಾರ ಈಗಲೂ ತಾನೇ ನಿರ್ಧರಿಸುತ್ತದೆ. ರಾಜ್ಯವಾದ ಮಾತ್ರಕ್ಕೆ ರೇಟು ಏರಬೇಕಾಗಿಲ್ಲ. ಖಜಾನೆ ಖಾಲಿಯಾದರೆ ಏರಿಸಿಯಾರು, ಅದು ಬೇರೆ. ಹೇಗೂ ಬದಿಯಡ್ಕದವರಿಗೆ ಮಾಹೆಗಿಂತ ಕರ್ನಾಟಕ ಗಡಿಯ ತಲಪಾಡಿ ಹತ್ತಿರ ಅಲ್ವಾ?

ಇನ್ನು ನಿಮ್ಮ ಮಾವನವರ ಮಾತು. ಅವರಿಗೆ ಮೊದಲು ಖುಷಿಯಾಗುವ ಸಂಗತಿ ಹೇಳುತ್ತೇನೆ. 2011ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13 ಲಕ್ಷ ದಾಟಿತ್ತು. ಪುದುಚೇರಿಯ ನಾಲ್ಕೂ ತುಂಡು ಸೇರಿದರೂ ಅಷ್ಟಿಲ್ಲ. ವಿಸ್ತೀರ್ಣದಲ್ಲಿ ನಾವು ಅದರ ನಾಲ್ಕು ಪಟ್ಟು. ಇನ್ನೊಂದು ಸ್ವಾರಸ್ಯ. 1956ರ ನವೆಂಬರ್ 1ರಂದು ಹಳೆಯ ದಕ್ಷಿಣ ಕನ್ನಡ ಜಿಲ್ಲೆ ಎರಡು ಹೋಳಾಯಿತು ಎಂದೇ ನಾವು ಹೇಳುತ್ತೇವೆ. ನಿಜಕ್ಕೂ ಅದು ಮೂರು ಹೋಳಾಯಿತು. ಮುಖ್ಯ ಭಾಗ ಮೈಸೂರಿಗೆ. ಕಾಸರಗೋಡು ತಾಲೂಕು ಕೇರಳಕ್ಕೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನ್‌ದಿವಿ ದ್ವೀಪಗಳೂ ಮಂಗಳೂರಿನ ಕಲೆಕ್ಟರರ ಕೈಕೆಳಗೆ ಇದ್ದವು. ಅವನ್ನು ಮಲಬಾರಿನ ದ್ವೀಪಗಳ ಜೊತೆ ಸೇರಿಸಿ ಕೇಂದ್ರಾಡಳಿತ ಪ್ರದೇಶ ಮಾಡಿದರು. ಅದೇ ಇವತ್ತಿನ ಲಕ್ಷದ್ವೀಪ. ಅಂದರೆ ಮಾವನವರು ಹೇಳುವ ಭಾಗ್ಯ ನಮ್ಮದೇ ಜಿಲ್ಲೆಯ ಒಂದು ಭಾಗಕ್ಕೆ ಸಿಕ್ಕಿತ್ತು.

ಆದರೆ ಅವರಿಗೆ ರಾಜ್ಯ ಸಿಕ್ಕಿತೇ? ವಿಧಾನಸಭೆ ಕೂಡ ಸಿಗಲಿಲ್ಲ. ದೆಹಲಿ ಕಳಿಸಿದ ಆಡಳಿತಾಧಿಕಾರಿ ಆಳುತ್ತಾರೆ. 2021ರಲ್ಲಿ ಅಲ್ಲಿನ ಆಡಳಿತ ಭೂಮಿ, ಪಂಚಾಯತ್, ದನದ ಮಾಂಸದ ಬಗ್ಗೆ ಹೊಸ ಕರಡು ನಿಯಮಗಳನ್ನು ತಂದಾಗ ದ್ವೀಪದವರು ಮನೆ ಮುಂದೆ ಉಪವಾಸ ಕೂತದ್ದು ನೆನಪಿರಬಹುದು. ವಿರೋಧಿಸಲು ಅವರಿಗೆ ಒಬ್ಬ ಸಂಸದರು ಇದ್ದರು, ಒಬ್ಬ ಶಾಸಕರೂ ಇರಲಿಲ್ಲ. 1956ರಲ್ಲಿ ಕಾಸರಗೋಡು ಕೇಂದ್ರಾಡಳಿತ ಆಗಿದ್ದರೆ ಪುದುಚೇರಿಯ ದಾರಿಗಿಂತ ಈ ದಾರಿಯೇ ಸಿಗುವ ಸಂಭವ ಹೆಚ್ಚಿತ್ತು. ಪುದುಚೇರಿ, ಗೋವಾಗಳಿಗೆ ಪರದೇಶದ ಆಳ್ವಿಕೆಯ ಹಿನ್ನೆಲೆ ಇತ್ತು. ನಮ್ಮದು ಮದ್ರಾಸ್ ಪ್ರಾಂತ್ಯದ ಒಂದು ತಾಲೂಕು.

ಇನ್ನೂ ಒಂದು ಕಹಿ ಮಾತು ಇದೆ, ಮಾವನವರು ಬೇಸರಿಸಬಾರದು. ಇಡೀ ಜಿಲ್ಲೆಯೇ ಒಂದು ರಾಜ್ಯವಾದರೂ ಅದರಲ್ಲಿ ಕನ್ನಡಿಗರು ಅಲ್ಪಸಂಖ್ಯಾತರೇ. 1956ರ ಕಾಸರಗೋಡು ತಾಲೂಕು ಚಂದ್ರಗಿರಿ ಹೊಳೆಯ ದಕ್ಷಿಣದ ಹೊಸದುರ್ಗವನ್ನೂ ಒಳಗೊಂಡಿತ್ತು. ತಾಲೂಕನ್ನು ಇಡಿಯಾಗಿ ಲೆಕ್ಕ ಹಿಡಿದರೆ ಮಲಯಾಳ ಮಾತಾಡುವವರು ಜಾಸ್ತಿ. ಹೊಳೆಯ ಉತ್ತರವನ್ನು ಮಾತ್ರ ನೋಡಿದರೆ ಚಿತ್ರ ಬೇರೆ. ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮರಾಠಿ, ಮಲಯಾಳ ಎಲ್ಲ ಅಲ್ಲಿ ಕಲಸಿಕೊಂಡಿದೆ. ಕಯ್ಯಾರ ಕಿಞ್ಞಣ್ಣ ರೈಯವರಂಥವರು ಹೋರಾಡಿದ್ದು ಈ ಉತ್ತರ ಭಾಗಕ್ಕಾಗಿ. ರಾಜ್ಯಗಳ ಗಡಿ ವಿವಾದ ನೋಡಲು ಕೇಂದ್ರ ನೇಮಿಸಿದ ಮಹಾಜನ ಆಯೋಗ 1967ರಲ್ಲಿ, ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ (ಆಗಿನ ಮೈಸೂರು ರಾಜ್ಯಕ್ಕೆ) ಸೇರಲಿ ಅಂದಿತು. ಕೇರಳ ಒಪ್ಪಲಿಲ್ಲ. ಅದೇ ವರದಿ ಬೆಳಗಾವಿ ಕರ್ನಾಟಕದಲ್ಲೇ ಇರಲಿ ಅಂದದ್ದರಿಂದ ಮಹಾರಾಷ್ಟ್ರವೂ ಒಪ್ಪಲಿಲ್ಲ. ಕಾಸರಗೋಡಿನ ಕಾಗದ ಬೆಳಗಾವಿಯ ಕಾಗದದ ಜೊತೆ ಒಂದೇ ದಾರದಲ್ಲಿ ಕಟ್ಟಿ ಮೂಲೆ ಸೇರಿತು. 3ನೇ ವಿಧಿಯ ಪ್ರಕಾರ ಸಂಸತ್ತು ಇವತ್ತೂ ಅದನ್ನು ಬಿಚ್ಚಬಹುದು. ಬಿಚ್ಚುವ ಗರಜು ಯಾವ ದೆಹಲಿ ಸರಕಾರಕ್ಕೂ ಇಲ್ಲ.

ಹಾಗಾದರೆ ನಮಗೆ ಏನು ಸಿಕ್ಕಿತು? 1984ರ ಮೇ 24ರಂದು ಜಿಲ್ಲೆ ಆಯಿತು. ಅದಕ್ಕೆ ಮೊದಲು ಕಲೆಕ್ಟರರನ್ನು ಕಾಣಲು ಕಣ್ಣೂರಿಗೆ ಹೋಗಬೇಕಿತ್ತು. ಆಮೇಲೆ ಮಂಜೇಶ್ವರ ತಾಲೂಕು ಆಗಿ ಉಪ್ಪಳಕ್ಕೆ ತಾಲೂಕು ಕಚೇರಿ ಬಂತು. 2012ರಲ್ಲಿ ನೇಮಿಸಿದ ಪ್ರಭಾಕರನ್ ಆಯೋಗದ ವರದಿಯಿಂದ ಕಾಸರಗೋಡು ಅಭಿವೃದ್ಧಿ ಪ್ಯಾಕೇಜು ಹುಟ್ಟಿತು. ನಿಮ್ಮ ಪಕ್ಕದ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದರು, ಅದು ನಡೆದ ವೇಗ ನಿಮಗೇ ಗೊತ್ತು. ಇವು ಯಾವುವೂ ರಾಜ್ಯ ಸ್ಥಾನದಷ್ಟು ದೊಡ್ಡ ಮಾತಲ್ಲ. ಆದರೆ ಕಚೇರಿ ಹತ್ತಿರ ಬಂದಷ್ಟೂ ಬದುಕು ಸಲೀಸು. ಮಾಹೆಗೂ ನಮಗೂ ಇದೇ ಮುಖ್ಯ.

ಮಾವನವರಿಗೆ ಉತ್ಸಾಹ ಇದ್ದರೆ ಒಂದು ಕೆಲಸ ಹೇಳುತ್ತೇನೆ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ನೋಡಲಿ. ಸರಕಾರ ಭಾಷಾ ಅಲ್ಪಸಂಖ್ಯಾತರ ಪ್ರದೇಶ ಎಂದು ಘೋಷಿಸಿದ ಕಡೆಯ ಸ್ಥಳೀಯ ಕಚೇರಿಗಳಿಗೆ ಕನ್ನಡಿಗರು ಕನ್ನಡದಲ್ಲೇ ಬರೆಯಬಹುದು. ತಿರುವನಂತಪುರದ ಸೆಕ್ರೆಟರಿಯೇಟಿಗೂ ಬರೆಯಬಹುದು. ಉತ್ತರವನ್ನೂ ಕನ್ನಡದಲ್ಲೇ ಕೊಡಬೇಕು. ಹೆಚ್ಚಿನವರು ಕೆಲಸ ಬೇಗ ಆಗಲಿ ಎಂದು ಮಲಯಾಳದಲ್ಲಿ ಬರೆಸಿಕೊಂಡು ಹೋಗುತ್ತಾರೆ. ಹಾಗಾಗಿ ವಿಲೇಜ್ ಆಫೀಸಿನಲ್ಲಿ ಕನ್ನಡ ಬಲ್ಲವರು ಯಾಕೆ ಬೇಕು ಎಂದು ಕೇಳುವವರಿಗೆ ಅನುಕೂಲವಾಗಿದೆ. ಮುಂದಿನ ಅರ್ಜಿಯನ್ನು ಕನ್ನಡದಲ್ಲಿ ಕೊಟ್ಟು, ರಶೀದಿ ತೆಗೆದುಕೊಂಡು, ಕನ್ನಡದಲ್ಲೇ ಉತ್ತರ ಕೇಳಲಿ.

ಕೊನೆಗೆ ಮಗಳ ಡಿಗ್ರಿ. ಅವಳ ಕಾಲೇಜು ಪಾಂಡಿಚೇರಿ ವಿಶ್ವವಿದ್ಯಾಲಯಕ್ಕೆ ಸೇರಿದ್ದಾದರೆ ಚಿಂತೆಯೇ ಬೇಡ. ಅದು 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಆದ ಕೇಂದ್ರೀಯ ವಿಶ್ವವಿದ್ಯಾಲಯ. ಪುದುಚೇರಿ ರಾಜ್ಯವಾದರೂ, ಆಗದಿದ್ದರೂ ಡಿಗ್ರಿಯ ಬೆಲೆ ಅಷ್ಟೇ. ಕಲಿತು ಬಂದ ಮೇಲೆ ಕೇರಳದ ದಂತ ವೈದ್ಯ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಮಂಗಳೂರಿನಲ್ಲಿ ಕ್ಲಿನಿಕ್ ಹಾಕುವ ಯೋಚನೆ ಇದ್ದರೆ ಕರ್ನಾಟಕದ ಮಂಡಳಿಯಲ್ಲಿ. ಅವಳಿಗೆ ಮಾಹೆಯಲ್ಲೇ ಸರಕಾರಿ ಕೆಲಸದ ಆಸೆ ಇದ್ದರೆ ಮಾತ್ರ ಸ್ವಲ್ಪ ಕಷ್ಟ. ಪುದುಚೇರಿಯಲ್ಲಿ ಸ್ಥಳೀಯ ನಿವಾಸಿಗಳಿಗೆ ಮೊದಲ ಆದ್ಯತೆ. ಹಾಸ್ಟೆಲಿನಲ್ಲಿ ಐದು ವರ್ಷ ಕಳೆದ ಮಾತ್ರಕ್ಕೆ ನಿವಾಸಿ ಪ್ರಮಾಣಪತ್ರ ಸಿಗುತ್ತದೆ ಎಂದು ನಂಬಿ ಕೂರಬೇಡಿ. ನಿಯಮ ಏನೆಂದು ಅಲ್ಲಿನ ತಾಲೂಕು ಕಚೇರಿಯಲ್ಲಿ ಈಗಲೇ ಕೇಳಿಕೊಳ್ಳಿ.